ಗಣಿ ವಿಸ್ತರಣೆಗೆ ಆಲಿಕೆ ಸಭೆ ಬಂದದ: ಊರಿನವರು ಏನು ಕೇಳಬೇಕು, ಕಂಪನಿಯ ಮಾತು ಯಾವಾಗ ನಂಬಬೇಕು?

ಕಾಗಿಣಾ ಮಾಸ್ತರ (ಮೊದಲ ಪೋಸ್ಟ್)

ಶರಣು ಎಲ್ಲರಿಗೂ. ನಮ್ಮೂರು ಸೇಡಂ ತಾಲ್ಲೂಕಿನದು. ಊರ ಹೆಸರು ಬರಿಯಂಗಿಲ್ಲ, ನಮ್ಮ ಕತಿ ಸುತ್ತಲಿನ ಹತ್ತೂರಿನ ಕತಿನೂ ಹೌದು. ಸುಣ್ಣದಕಲ್ಲಿನ ಗಣಿ ನಮ್ಮ ಅಗಸಿಯಿಂದ ಒಂದೂವರಿ ಕಿಲೋಮೀಟರ್ ಅದ. ಈಗ ಅದನ್ನ ಊರ ಕಡಿಗಿ ಬೆಳಸಲಿಕ್ಕ ಕಂಪನಿಯವರು ಅರ್ಜಿ ಹಾಕ್ಯಾರ. ಹೋದ ವಾರ ಪೇಪರಿನಾಗ ಪರಿಸರ ಸಾರ್ವಜನಿಕ ಆಲಿಕೆ ಸಭೆ ಅಂತ ನೋಟಿಸ್ ಬಂದದ. ಸಭೆಗಿ ಇನ್ನ 23 ದಿನ ಅವ.

ಊರಾಗ ಎರಡು ಪಂಗಡ ಆಗ್ಯಾವ. ಗಣಿ ಬೇಡೇ ಬೇಡ ಅನ್ನೋರು ಒಂದು ಕಡಿ, ಹುಡುಗರಿಗಿ ಕೆಲಸ ಸಿಗ್ತದ ಅನ್ನೋರು ಇನ್ನೊಂದು ಕಡಿ. ನಾನು ಎರಡೂ ಕಡಿ ಕುಂತು ಚಹಾ ಕುಡದೀನಿ. ಖರೆ ಹೇಳಬೇಕಂದ್ರ ಇಬ್ಬರ ಸಿಟ್ಟೂ ಒಂದೇ ಅದ, ಹಿಂದಕ ಕೊಟ್ಟ ಮಾತು ನಡಸಿಲ್ಲ ಅನ್ನೋದು.

ಹದಿನಾಲ್ಕು ವರ್ಷದ ಹಿಂದ ಮೊದಲನೇ ಸಲ ಬಂದಾಗ ಹನುಮಾನ ಗುಡಿ ಕಟ್ಟಿ ಮ್ಯಾಲ ಕುಂತು ಸಾಹೇಬ್ರೊಬ್ಬರು ಮೂರು ಮಾತು ಹೇಳಿದ್ರು. ಬಾವಿ ನೀರು ಇಳದರ ನೀರು ಕೊಡ್ತೀವಿ, ಮನಿ ಬಿರಕು ಬಿಟ್ಟರ ರಿಪೇರಿ ಮಾಡಸ್ತೀವಿ, ಹೊಲ ಕೊಟ್ಟವರ ಮನಿಗೊಂದು ನೌಕರಿ. ನಾನು ಅಲ್ಲೇ ನಿಂತಿದ್ದೆ, ನನ್ನ ಕಿವಿಲೆ ಕೇಳೀನಿ. ಆ ಸಾಹೇಬ್ರು ಎರಡು ವರ್ಷದಾಗ ವರ್ಗ ಆಗಿ ಹೋದ್ರು. ಅವರ ಜಾಗಕ್ಕ ಬಂದವರಿಗಿ ಆ ಮಾತು ಗೊತ್ತೇ ಇದ್ದಿದಿಲ್ಲ. ಬರದಿಟ್ಟಿದ್ದು ಒಂದು ಚೀಟಿನೂ ಇಲ್ಲ.

ಕಂಪನಿ ಏನೂ ಮಾಡಿಲ್ಲ ಅಂತ ನಾ ಅನ್ನಂಗಿಲ್ಲ. ಸಾಲಿಗಿ ಎರಡು ಖೋಲಿ ಕಟ್ಟಿಸ್ಯಾರ. ಸಮುದಾಯ ಭವನ ಅದ. ವರ್ಷಾ ಕಣ್ಣಿನ ತಪಾಸಣಿ ಮಾಡಸ್ತಾರ. ಅವ್ಯಾವೂ ನಾವು ಕೇಳಿದ್ದಲ್ಲ. ನಾವು ಕೇಳಿದ್ದು ಬಾವಿ.

ಗಣಿ ನಡಸೋರು ಊರಿನ ನಂಬಿಕಿ ಹ್ಯಾಂಗ ಗಳಸಬೇಕು, ನಾವು ಯಾವುದನ್ನ ನೋಡಿ ನಂಬಬೇಕು? ಗಣಿಯೊಳಗ ದುಡದವರು, ಕಾನೂನು ಬಲ್ಲವರು, ನಮ್ಮಂಗ ಗಣಿ ಪಕ್ಕದಾಗ ಇದ್ದವರು ಬರೀರಿ. ಸಭೆಗಿ ಹೋಗಲಿಕ್ಕ ಉಪಯೋಗ ಬೀಳೋದು ಬೇಕಾಗ್ಯಾದ.

ಫರ್ಸಿ ಶಹಾಬಾದ

ಮಾಸ್ತರೆ, ನಮ್ಮ ಮನೆತನ ಮೂರು ತಲಿಯಿಂದ ಫರ್ಸಿ (ನೆಲಕ್ಕ ಹಾಸೋ ಕಲ್ಲು) ಖಣಿದು. ನಮ್ಮ ಮುತ್ಯಾ ಉಳಿ ಹಚ್ಚಿ ಬಂಡಿ ಪದರ ಬಿಡಿಸಿದರ ಹಪ್ಪಳದಂಗ ಏಳ್ತಿತ್ತು. ಸಣ್ಣ ಖಣಿಗಳಿಗಿ ಊರವರು ತಕರಾರು ಮಾಡಿದ್ದು ಕಡಿಮಿ. ಯಾಕಂದ್ರ ಮಾಲಕ ಅದೇ ಊರಾಗ ಇರ್ತಿದ್ದ, ಅದೇ ಹೋಟೆಲಿನಾಗ ಚಹಾ ಕುಡೀತಿದ್ದ. ಏನರ ಆದರ ಕೊರಳಪಟ್ಟಿ ಹಿಡದು ಕೇಳಬಹುದಿತ್ತು.

ಆದರ ನಮ್ಮ ತಪ್ಪೂ ಹೇಳಬೇಕು. ಕಲ್ಲು ಮುಗದ ಮ್ಯಾಲ ಖಣಿ ಹಂಗೇ ಬಿಟ್ಟು ಎದ್ದು ಹೋದೀವಿ. ಮಳಿಗಾಲದಾಗ ನೀರು ತುಂಬತದ, ಅಂಚಿಗಿ ಬೇಲಿ ಇಲ್ಲ. ಈಜಲಿಕ್ಕ ಹೋದ ಹುಡುಗರು ತಿರುಗಿ ಬಂದಿಲ್ಲ, ನಮ್ಮ ಓಣ್ಯಾಗೇ ಒಂದು ಮನಿ ಅದ ಅಂಥಾದ್ದು. ಅದಕ್ಕ ನಿಮ್ಮ ಸಭೆಯೊಳಗ ಗಣಿ ಶುರು ಮಾಡೋದರ ಬಗ್ಗೆ ಕೇಳಿದಷ್ಟೇ ಮುಚ್ಚೋದರ ಬಗ್ಗೆನೂ ಕೇಳ್ರಿ.

ಬ್ಲಾಸ್ಟರ್ ಕಾಕಾ

ನಾನು 31 ವರ್ಷ ಬ್ಲಾಸ್ಟಿಂಗ್ ಸೆಕ್ಷನ್ನಿನಾಗ ದುಡದೀನಿ. ರಿಟೈರ್ ಆಗಿ ಆರು ವರ್ಷ ಆತು. ಬಿರಕಿನ ಜಗಳ ಎರಡೂ ಕಡಿಯಿಂದ ನೋಡೀನಿ. ಊರವರು ಗ್ವಾಡಿ ತೋರಸ್ತಾರ. ಕಂಪನಿಯವರು ಇದು ಹಳೇ ಮನಿ, ಕರಿ ಮಣ್ಣಿನ ಮ್ಯಾಲ ಪಾಯ ಹಾಕೀರಿ, ಬ್ಯಾಸಿಗ್ಯಾಗ ನೆಲ ಬಿರಿತದ ಅಂತಾರ. ಎರಡೂ ಖರೆ ಇರಬಹುದು. ನಮ್ಮ ಎರಿ ಭೂಮಿ ಮಳಿಗಿ ಉಬ್ಬತದ, ಬಿಸಲಿಗಿ ಕುಗ್ಗತದ, ಮನಿ ಅದರ ಸಂಗಡ ಅಲ್ಲಾಡ್ತದ. ಯಾವ ಬಿರಕು ಮಣ್ಣಿಂದು, ಯಾವುದು ಬ್ಲಾಸ್ಟಿಂಗಿಂದು ಅಂತ ಆಮ್ಯಾಲ ಹೇಳಲಿಕ್ಕ ಬರಂಗಿಲ್ಲ. ಅದಕ್ಕ ಮೊದಲೇ ಅಳೀಬೇಕು.

ಒಂದು ಸಸ್ತಾ ಉಪಾಯ ಹೇಳ್ತೀನಿ ಕೇಳ್ರಿ. ಎರಡು ಬೆರಳಗಲ, ಗೇಣುದ್ದ ತೆಳ್ಳನ್ನ ಗಾಜಿನ ಪಟ್ಟಿ ಕೊಯ್ಯಿಸಿ ತರ್ರಿ. ಬಿರಕಿನ ಮ್ಯಾಲ ಅಡ್ಡ ಇಟ್ಟು ಎರಡೂ ತುದಿಗಿ ಸಿಮೆಂಟ್ ಮೆತ್ತಿ ಕೂಡಿಸ್ರಿ. ಬಾಜೂಕ ಪೆನ್ಸಿಲಿಲೆ ತಾರೀಖು ಬರದು ಫೋಟೋ ತೆಗೀರಿ. ಬಿರಕು ಕೂದಲೆಳಿಯಷ್ಟು ಅಲ್ಲಾಡಿದರೂ ಗಾಜು ಒಡೀತದ. ಗಾಜು ಒಡದ ದಿನ ಬ್ಲಾಸ್ಟಿಂಗ್ ಆಗಿತ್ತೋ ಇಲ್ಲೋ ಅಂತ ಬರದಿಡ್ರಿ. ಗಣಿಯಿಂದ ದೂರದ ಒಂದು ಮನಿಗೂ ಹಂಗೇ ಹಚ್ಚಿರಿ, ಹೋಲಸಿ ನೋಡಲಿಕ್ಕ ಆಗ್ತದ. ಇಷ್ಟರಲೇ ಪೂರಾ ಸಾಬೀತು ಆಗ್ತದ ಅನ್ನಂಗಿಲ್ಲ, ಆದರ ಬಾಯಿಮಾತಿನ ಜಗಳ ಅಳತಿಯ ಮ್ಯಾಲ ಬರ್ತದ.

ನೆಲದ ನಡುಕಕ್ಕ ಕಾನೂನಿನ ಮಿತಿ ಅದ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದವರು 1997ರಾಗ ಸುತ್ತೋಲೆ ಹೊರಡಿಸ್ಯಾರ. ಕಂಪನಿಗಿ ಸೇರದ ಊರಿನ ಮನಿಗಳ ಹತ್ತಿರ, ಕಂಪನ 8 ಹರ್ಟ್ಜ್‌ಗಿಂತ (ಸೆಕೆಂಡಿಗಿ ಎಂಟು ಸಲ ಅಲ್ಲಾಡೋದು) ಕೆಳಗಿದ್ದರ ನೆಲ ಅಲ್ಲಾಡೋ ವೇಗ ಸೆಕೆಂಡಿಗಿ 5 ಮಿಲಿಮೀಟರ್, 8ರಿಂದ 25ರ ತನಕ 10, ಅದರ ಮ್ಯಾಲ 15. ಹಳೇ ಐತಿಹಾಸಿಕ ಕಟ್ಟಡಕ್ಕ ಇನ್ನೂ ಬಿಗಿ, ಶುರುನೇ 2ರಿಂದ. ಮಳಖೇಡದ ಕೋಟಿಯಂಥಾದ್ದು ಇರೋ ನಮ್ಮ ಸೀಮಿಗಿ ಆ ಲೆಕ್ಕನೂ ಗೊತ್ತಿರಬೇಕು. ನಡುಕ ಕಡಿಮಿ ಮಾಡೋದು ನಮ್ಮ ಕೈಯಾಗೇ ಇರ್ತದ. ಎಲ್ಲಾ ತೂತು ಒಂದೇ ಏಟಿಗಿ ಹಾರಸಂಗಿಲ್ಲ, ಮಿಲಿಸೆಕೆಂಡ್ ಲೆಕ್ಕದಾಗ ಒಂದರ ಹಿಂದೊಂದು ಹಾರಸ್ತಾರ. ಒಂದು ಡಿಲೇಕ್ಕ, ಅಂದ್ರ ಒಂದೇ ಕ್ಷಣಕ್ಕ ಹಾರೋ ತೂತುಗಳಿಗಿ, ಎಷ್ಟು ಕಿಲೋ ಮದ್ದು ತುಂಬ್ತಾರ ಅನ್ನೋದರ ಮ್ಯಾಲ ನಡುಕ ನಿಂತದ. ಮೋಡ ಕವದ ಸಂಜಿಗಿ ಹಾರಸಿದರ ಸದ್ದು ಮ್ಯಾಲ ಹೋಗದ ಊರ ಕಡಿ ಬಗ್ಗಿ ಬರ್ತದ. ಅಂಥಾ ದಿನ ತಡೀರಿ ಅಂತ ಊರವರು ಕೇಳೋದು ನ್ಯಾಯನೇ.

ನನ್ನ ಸರ್ವಿಸಿನಾಗ ಒಬ್ಬರು ಮ್ಯಾನೇಜರ್ ಇದ್ದರು. ಊರಾಗ ಗದ್ದಲ ಆದಾಗ ಅವರು ಪೊಲೀಸರಿಗಿ ಫೋನ್ ಹಚ್ಚಲಿಲ್ಲ. ಕಂಪನ ಅಳಿಯೋ ಮಿಶನ್ ತಂದು, ಬಾಳ ಬೈದಿದ್ದ ಆಯಿಯ ಅಂಗಳದಾಗೇ ಇಟ್ಟರು. ಬ್ಲಾಸ್ಟಿಂಗ್ ಆದ ಮ್ಯಾಲ ಆಯಿಯ ಮೊಮ್ಮಗನ ಕೈಲೇ ಅಂಕಿ ಓದಿಸಿದರು. ಆ ಹುಡುಗ "ಎರಡು ಪಾಯಿಂಟ್ ಒಂದು" ಅಂತ ಜೋರಾಗಿ ಓದಿದ್ದು ಈಗಲೂ ನನ್ನ ಕಿವ್ಯಾಗ ಅದ. ಮರುದಿನದಿಂದ ಊರವರು ಗೇಟಿನ ಮುಂದ ಗುಂಪು ಕಟ್ಟಿ ಬರಲಿಲ್ಲ. ಇವತ್ತು ಎಷ್ಟು ಬಂತು ಅಂತ ಕೇಳಲಿಕ್ಕ ಶುರು ಮಾಡಿದರು. ಒಂದು ದಿನ 6 ಬಂತು, ಅದನ್ನೂ ಮುಚ್ಚಿಡಲಿಲ್ಲ. ಮರುದಿನ ಮದ್ದು ಇಳಿಸಿದೀವಿ.

ವಾಡಿ ಹುಡುಗ

ನೌಕರಿ ವಿಷಯ ಯಾರೂ ಬರೀಲಿಲ್ಲ. ಹೊಲ ಕೊಟ್ಟವರ ಮಗ ನಾನು. ಎಂಟು ವರ್ಷದಿಂದ ಕಾಂಟ್ರಾಕ್ಟರ್ ಕೈಕೆಳಗ ಇದೀನಿ, ಗೇಟ್ ಪಾಸ್ ಮೂರು ತಿಂಗಳಿಗೊಮ್ಮೆ ಹೊಸಾದು. ಕಾಂಟ್ರಾಕ್ಟರ್ ಬದಲಾದರ ಸೀನಿಯಾರಿಟಿ ಸೊನ್ನಿ. ನಮ್ಮ ಭಾಗಕ್ಕ ಸಂವಿಧಾನದ 371 ಜೆ ವಿಶೇಷ ಕಲಂ ಅದ, ಕಂಪನಿ ಸ್ಥಳೀಯರನ್ನೇ ತಗೋಬೇಕು ಅಂತ ಸಭೆಯೊಳಗ ಗಟ್ಟಿಯಾಗಿ ಕೇಳ್ರಿ ಮಾಸ್ತರೆ.

ಕಲಬುರಗಿ ವಕೀಲ

ತಮ್ಮಾ, ನಿನ್ನ ನೋವು ಖರೆ. ಆದರ ಸಭೆಯೊಳಗ ಆ ಮಾತು ಎತ್ತಿದರ ಎದುರಿನವರು ಒಂದೇ ನಿಮಿಷದಾಗ ಕೆಡವ್ತಾರ. 371 ಜೆ ರಾಜ್ಯ ಸರ್ಕಾರದ ನೌಕರಿಗಿ ಮತ್ತು ಶಿಕ್ಷಣ ಸಂಸ್ಥೆಯ ಸೀಟಿಗಿ ಸಂಬಂಧಪಟ್ಟಿದ್ದು, ಖಾಸಗಿ ಕಾರ್ಖಾನಿಗಿ ಅನ್ವಯ ಆಗಂಗಿಲ್ಲ. ಅದರ ಬದಲಿ ಲೆಕ್ಕ ಕೇಳ್ರಿ. ವಿಸ್ತರಣೆ ಆದರ ಕಾಯಂ ಎಷ್ಟು, ಕಾಂಟ್ರಾಕ್ಟ್ ಎಷ್ಟು, ಯಾವ ಹುದ್ದೆಗಿ ಏನು ಓದಿರಬೇಕು? ಮೈನಿಂಗ್ ಮೇಟ್, ಬ್ಲಾಸ್ಟರ್, ಫೋರಮನ್ ಆಗಲಿಕ್ಕ ಗಣಿ ಸುರಕ್ಷತಾ ನಿರ್ದೇಶನಾಲಯದ ಪ್ರಮಾಣಪತ್ರ ಬೇಕು. ಆ ಪರೀಕ್ಷೆಗಿ ಊರಿನ ಎಷ್ಟು ಹುಡುಗರನ್ನ ತಯಾರು ಮಾಡ್ತೀರಿ, ಯಾವ ವರ್ಷದೊಳಗ ಅಂತ ಕೇಳಿದರ ಉತ್ತರ ಕೊಡಲೇಬೇಕಾಗ್ತದ. ಸಭೆಯ ನಿಯಮ ಆಮ್ಯಾಲ ಬರೀತೀನಿ, ಕೋರ್ಟಿಗಿ ಹೊಂಟೀನಿ.

ಗಣಿ ಇಂಜಿನಿಯರ್

ನಾನು ಹಾಸನ ಕಡೆಯವನು. ಒಂಬತ್ತು ವರ್ಷದಿಂದ ಚಿತ್ತಾಪುರ ತಾಲ್ಲೂಕಿನ ಒಂದು ಗಣಿಯಲ್ಲಿ ಇದ್ದೇನೆ. ಮಾಸ್ತರರ "ನಾವು ಕೇಳಿದ್ದು ಬಾವಿ" ಎಂಬ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಮ್ಮ ಉದ್ಯಮದಲ್ಲಿ "ಸಮಾಜದ ಪರವಾನಗಿ" ಎಂಬ ಮಾತು ಓಡಾಡುತ್ತದೆ. ಸರ್ಕಾರ ಕೊಡುವ ಲೀಸ್ ಒಂದು, ಸುತ್ತಲಿನ ಜನ ಮನಸ್ಸಿನಿಂದ ಕೊಡುವ ಒಪ್ಪಿಗೆ ಇನ್ನೊಂದು. ಈ ಮಾತನ್ನು ಚಲಾವಣೆಗೆ ತಂದವರು ಕೆನಡಾದ ಪ್ಲೇಸರ್ ಡೋಮ್ ಗಣಿ ಕಂಪನಿಯ ಜಿಮ್ ಕೂನಿ, 1997ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1996ರ ಮಾರ್ಚ್‌ನಲ್ಲಿ, ಆ ಕಂಪನಿಗೆ ಪಾಲಿದ್ದ ಫಿಲಿಪ್ಪೀನ್ಸ್‌ನ ಮರಿಂಡುಕೆ ದ್ವೀಪದ ತಾಮ್ರದ ಗಣಿಯಿಂದ ತ್ಯಾಜ್ಯ ಒಡೆದು ಬೋವಾಕ್ ನದಿಗೆ ನುಗ್ಗಿತ್ತು. ಅಂದರೆ ಈ ಮಾತು ಹುಟ್ಟಿದ್ದೇ ನಂಬಿಕೆ ಕಳೆದುಕೊಂಡ ಮೇಲೆ.

ಕಾಗದ ಸರಿಯಿದ್ದರೆ ಸಾಕು ಎನ್ನುವವರಿಗೆ ನಾನು ಜೂಕನ್ ಕಮರಿಯ ಉದಾಹರಣೆ ಕೊಡುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2020ರ ಮೇ ತಿಂಗಳಲ್ಲಿ ರಿಯೋ ಟಿಂಟೋ ಕಂಪನಿ ಕಬ್ಬಿಣದ ಅದಿರಿಗಾಗಿ ಅಲ್ಲಿನ ಗುಹೆಗಳನ್ನು ಸ್ಫೋಟಿಸಿತು. ಆ ಗುಹೆಗಳಲ್ಲಿ 46,000 ವರ್ಷದ ಹಿಂದೆ ಮನುಷ್ಯರು ಬಾಳಿದ್ದ ಗುರುತು ಇತ್ತು. ಕಾನೂನಿನ ಅನುಮತಿ ಕಂಪನಿಯ ಕೈಯಲ್ಲಿತ್ತು. ಆದರೂ ಕೆಲವೇ ತಿಂಗಳಲ್ಲಿ ಮುಖ್ಯಸ್ಥರೂ ಇನ್ನಿಬ್ಬರು ಹಿರಿಯ ಅಧಿಕಾರಿಗಳೂ ಹುದ್ದೆ ಬಿಡಬೇಕಾಯಿತು. ಅಶೋಕನ ಕಾಲದ ಶಾಸನ, ಬೌದ್ಧ ಅವಶೇಷ ಸಿಕ್ಕ ಸನ್ನತಿಯಂಥ ನೆಲ ಪಕ್ಕದಲ್ಲಿರುವ ನಮ್ಮ ಜಿಲ್ಲೆಯ ಗಣಿಯವರು ಇದನ್ನು ಮರೆಯಬಾರದು.

ಈಗ ನೀರು. ಸುಣ್ಣದಕಲ್ಲಿನ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಹೋದಾಗ ಸುತ್ತಲಿನ ನೀರು ಗುಂಡಿಗೆ ಇಳಿಯುತ್ತದೆ, ನಾವು ಅದನ್ನು ಪಂಪ್ ಮಾಡಿ ಹೊರಹಾಕುತ್ತೇವೆ. ಹತ್ತಿರದ ಬಾವಿಗಳ ಮಟ್ಟ ಇಳಿಯಬಹುದು. ಎಷ್ಟು ದೂರದ ತನಕ ಎಂಬುದು ಬಂಡೆಯ ಸೀಳು, ಪದರ ನೋಡಿ ಹೇಳಬೇಕು. ಹಾಗಾಗಿ ಮಾಸ್ತರೆ, ಮೂರು ಅಂಕಿ ಕೇಳಿ. ಗಣಿ ಕೊನೆಗೆ ಎಷ್ಟು ಮೀಟರ್ ಆಳ ಹೋಗುತ್ತದೆ, ಈಗ ಬಾವಿಗಳ ನೀರು ಎಷ್ಟು ಆಳದಲ್ಲಿದೆ, ಪಂಪ್ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಅದೇ ನೀರು ಶುದ್ಧ ಇದ್ದರೆ ಊರಿನ ಕೆರೆಗೆ ಬಿಡಬಹುದು.

ನಮ್ಮ ಗಣಿಯ ಒಂದು ಕೊರತೆಯನ್ನೂ ಹೇಳುತ್ತೇನೆ. ಧೂಳು ಅಳೆಯುವ ಯಂತ್ರ ನಮ್ಮ ಆಡಳಿತ ಕಚೇರಿಯ ಹತ್ತಿರ, ಮರಗಳ ನಡುವೆ ಇತ್ತು. ಗಾಳಿ ಬೀಸುವ ದಿಕ್ಕಿನ ಊರಿನಲ್ಲಿ ಇರಲಿಲ್ಲ. ಅಂಕಿಗಳು ಯಾವಾಗಲೂ ಚೆನ್ನಾಗಿ ಬರುತ್ತಿದ್ದವು. ನಾನು ಎರಡು ಸಲ ಪತ್ರ ಬರೆದೆ. ಮೂರನೇ ವರ್ಷ ಯಂತ್ರ ಊರಿನ ಶಾಲೆಯ ಮಾಳಿಗೆಗೆ ಹೋಯಿತು. ಆ ಬೇಸಿಗೆಯಲ್ಲಿ ಮೊದಲ ಬಾರಿ ಮಿತಿ ಮೀರಿದ ಅಂಕಿ ಬಂತು, ಆಮೇಲೆಯೇ ಡಂಪರ್ ರಸ್ತೆಗೆ ನೀರು ಹಾಕುವ ಟ್ಯಾಂಕರ್ ಎರಡರಿಂದ ಐದಾಯಿತು. ದಿನದ ಸರಾಸರಿಯಲ್ಲಿ ಪಿಎಂ 10 (ಉಸಿರಿನೊಳಗೆ ಹೋಗುವಷ್ಟು ಸಣ್ಣ ಕಣದ) ಧೂಳಿಗೆ ದೇಶದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಯಂತ್ರ ಎಲ್ಲಿ ಇಡುತ್ತೀರಿ ಎಂದು ಕೇಳದೆ ಅಂಕಿ ಮಾತ್ರ ಕೇಳಬೇಡಿ.

ತೊಗರಿ ಅಕ್ಕ

ಇಂಜಿನಿಯರ್ ತಮ್ಮಾ, ನೀವು ಬರದಿದ್ದು ಓದಿ ಸಮಾಧಾನ ಆತು. ನಾನು ಗ್ರಾಮ ಪಂಚಾಯ್ತಿ ಸದಸ್ಯೆ, ನಾಕು ಎಕರಿ ತೊಗರಿ ಅದ. ಗುಲಬರ್ಗಾ ತೊಗರಿಗಿ ಭೌಗೋಳಿಕ ಸೂಚಿಕೆ ಸಿಕ್ಕದ ಅಂತ ಎಲ್ಲರೂ ಹೆಮ್ಮಿ ಪಡ್ತೀವಿ. ಗಣಿ ರಸ್ತೆ ಬಾಜೂಕಿನ ಸಾಲಿನಾಗ ನಿಂತು ಒಂದು ಎಲಿ ಹಿಡದು ಬೆರಳಿಲೆ ತಿಕ್ಕಿ ನೋಡ್ರಿ. ಬೂದಿ ಬಣ್ಣದ ಹಿಟ್ಟು ಬೆರಳಿಗಿ ಹತ್ತತದ, ಅದರ ಕೆಳಗ ಹಸರು ಕಾಣತದ. ಹೂವಿನ ಟೈಮಿನಾಗ ಆ ಹಿಟ್ಟು ಹೂವಿನ ಮ್ಯಾಲೂ ಕುಂದರ್ತದ. ರಸ್ತೆಯಿಂದ ಹತ್ತು ಸಾಲು ಒಳಗ ಹೋದರ ಕಾಯಿ ತುಂಬಿರ್ತಾವ, ಅಂಚಿನ ಸಾಲಿನಾಗ ಜೊಳ್ಳು. ಪರಿಹಾರ ಕೇಳಲಿಕ್ಕ ಹೋದರ ಇದಕ್ಕ ಪುರಾವಿ ಏನು ಅಂತಾರ.

ಇನ್ನೊಂದು ಮಾತು. ಹಿಂದಿನ ಸಭೆ ಹನ್ನೊಂದು ಗಂಟೆಕ್ಕ ಇಟ್ಟಿದ್ರು. ಕಳೆ ತೆಗಿಯೋ ದಿನಗಳು, ಹೆಣ್ಮಕ್ಕಳು ಎಲ್ಲಾ ಹೊಲ್ದಾಗ ಇದ್ದರು. ಶಾಮಿಯಾನದಾಗ ಮುಂದಿನ ಕುರ್ಚಿ ಪೂರಾ ಪುಢಾರಿಗಳಿಗಿ. ನನಗ ಮೈಕ್ ಸಿಕ್ಕಾಗ ಊಟದ ವಾಸನಿ ಬರಲಿಕ್ಕ ಹತ್ತಿತ್ತು, ಜನ ಎದ್ದು ಹೋಗಲಿಕ್ಕ ಹತ್ತಿದ್ರು. ನೀರು ಹೊರೋರು ನಾವು, ಧೂಳು ಬಿದ್ದ ಅರಬಿ ತೊಳಿಯೋರು ನಾವು, ಕೆಮ್ಮೋ ಕೂಸಿನ ಸಂಗಡ ರಾತ್ರಿ ಎಚ್ಚರ ಇರೋರು ನಾವು. ಮಾಸ್ತರೆ, ಸಭೆಗಿಂತ ಮೊದಲು ಒಂದು ದಿನ ಸಂಜಿಗಿ ಹೆಣ್ಮಕ್ಕಳನ್ನ ಅಂಗನವಾಡಿಯಾಗ ಕೂಡಿಸ್ರಿ. ಗಂಡಸರು ಬ್ಯಾಡ, ನಿಮ್ಮ ಮನಿಯವರು ಬರಕೊಳ್ಳಲಿ.

ಕಲಬುರಗಿ ವಕೀಲ

ಈಗ ಪುರಸೊತ್ತು ಆತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಈ ಸಭೆಯ ಬುನಾದಿ. ಸಭೆ ನಡಸೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಿಲ್ಲದವರದು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಗಣಿಯಿಂದ ಪರಿಸರಕ್ಕ ಏನು ಪರಿಣಾಮ ಅಂತ ಹೇಳೋ ಕರಡು ವರದಿಯ ಸಾರಾಂಶ ಕನ್ನಡದಾಗ ಇರಲೇಬೇಕು. ಪೂರಾ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ ಕಚೇರಿಯಾಗ ನೋಡಲಿಕ್ಕ ಸಿಗಬೇಕು. ಇಂಗ್ಲಿಷಿನಾಗ ಇರ್ತದ, ದಪ್ಪ ಇರ್ತದ. ನೀರಿನ ಅಧ್ಯಾಯ, ಗಣಿ ಮುಚ್ಚೋ ಅಧ್ಯಾಯ ಇವೆರಡರ ಝೆರಾಕ್ಸ್ ಮಾಡಿಸಿಕೊಳ್ರಿ. ಬಾಯಿಲೆ ಹೇಳೋದರ ಸಂಗಡ ಬರದು ಸಹ ಕೊಡ್ರಿ, ಮುಟ್ಟಿದ್ದಕ್ಕ ರಸೀದಿ ತಗೊಳ್ರಿ.

ಸಭೆ ವಿಡಿಯೋ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಕೊನಿಗಿ ನಡಾವಳಿಯನ್ನ ಜನರ ಮುಂದ ಅವರ ಭಾಷೆಯಾಗ ಓದಿ ಹೇಳಬೇಕು. ಅದೇ ದಿನ ಸಹಿ ಆಗಬೇಕು. ಆ ಹೊತ್ತಿಗಿ ಶಾಮಿಯಾನ ಖಾಲಿ ಆಗಿರ್ತದ. ನೀವು ಖಾಲಿ ಮಾಡಬ್ಯಾಡ್ರಿ. ಅಲ್ಲಿ ಮತ ಹಾಕೋದಿಲ್ಲ, ಗಣಿ ಬೇಕೋ ಬ್ಯಾಡೋ ಅಂತ ಆ ಸಭೆ ತೀರ್ಮಾನಿಸಂಗಿಲ್ಲ. ಆದರ ನಡಾವಳಿಯಾಗ ಬಂದ ಪ್ರಶ್ನೆಗಿ ಕಂಪನಿ ಅಂತಿಮ ವರದಿಯಾಗ ಉತ್ತರ ಬರೀಬೇಕಾಗ್ತದ. ಅನುಮತಿ ಸಿಕ್ಕ ಮ್ಯಾಲೂ ವರ್ಷದಾಗ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕ, ಷರತ್ತು ಪಾಲಿಸಿದ ವರದಿ ಒಪ್ಪಿಸಬೇಕು. ಅದನ್ನ ಪಂಚಾಯ್ತಿಯಾಗ ಓದಿಸ್ರಿ ಅಂತ ಈಗಲೇ ಕೇಳ್ರಿ.

ಇನ್ನ ರೊಕ್ಕದ ಲೆಕ್ಕ. ಸಮುದಾಯ ಭವನ ಕೊಟ್ಟೀವಿ ಅಂತ ಕಂಪನಿ ಹೇಳಿದಾಗ ಊರವರು ಅದನ್ನ ದಾನ ಅಂತ ತಿಳೀತಾರ. 2015ರಾಗ ಗಣಿ ಕಾಯ್ದೆಗಿ ತಿದ್ದುಪಡಿ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. 2015ರ ಜನವರಿ 12ಕ್ಕಿಂತ ಮೊದಲಿನ ಲೀಸ್ ಇದ್ದರ ರಾಜಧನದ (ತೆಗೆದ ಖನಿಜಕ್ಕ ಸರ್ಕಾರಕ್ಕ ಕಟ್ಟೋ ರೊಕ್ಕ) 30 ಪ್ರತಿಶತದಷ್ಟು, ಆಮ್ಯಾಲ ಹರಾಜಿನಾಗ ಸಿಕ್ಕಿದ್ದರ 10 ಪ್ರತಿಶತದಷ್ಟು ಹೆಚ್ಚುವರಿ ಈ ಪ್ರತಿಷ್ಠಾನಕ್ಕ ಕಟ್ಟಬೇಕು. ಸಿಮೆಂಟಿನ ಸುಣ್ಣದಕಲ್ಲಿಗಿ 2014ರಾಗ ಟನ್ನಿಗಿ 80 ರೂಪಾಯಿ ರಾಜಧನ ನಿಗದಿ ಆತು. ನಿಮ್ಮೂರ ಮುಂದ 60 ಟನ್ನಿನ ಡಂಪರ್ ಒಂದು ಹಾದು ಹೋದರ ರಾಜಧನ 4,800. ಹಳೇ ಲೀಸ್ ಆದರ ಪ್ರತಿಷ್ಠಾನಕ್ಕ 1,440 ರೂಪಾಯಿ, ಹೊಸಾದಾದರ 480. ದಿನಕ್ಕ ಎಷ್ಟು ಡಂಪರ್ ಅಂತ ನೀವೇ ಎಣಸ್ರಿ. ಈ ರೊಕ್ಕದ ಬಹುಪಾಲು ಕುಡಿಯೋ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇಂಥವಕ್ಕೇ ಹೋಗಬೇಕು. ಮೊದಲು ಕನಿಷ್ಠ 60 ಪ್ರತಿಶತ ಅಂತಿತ್ತು, 2024ರ ಪರಿಷ್ಕೃತ ಮಾರ್ಗಸೂಚಿಯಾಗ 70 ಆಗ್ಯಾದ. ಇದು ಯಾರ ಕೃಪೆನೂ ಅಲ್ಲ, ಗಣಿ ಪಕ್ಕದ ಜನರ ಹಕ್ಕಿನ ರೊಕ್ಕ. ನಿಮ್ಮೂರಿಗಿ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಾಗ ಕೇಳ್ರಿ.

ಗುರುಮಠಕಲ್ ಮಲ್ಲು

ಎಲ್ಲಾ ಓದಿದೆ. ಬ್ಯಾಸರಿಲ್ಲದ ಬರದೀರಿ. ಆದರ ಗಾಜಿನ ಪಟ್ಟಿ, ಬಾವಿ ಅಳತಿ ಇವೆಲ್ಲಾ ಬಡವರ ತಲಿ ಮ್ಯಾಲ ಇನ್ನೊಂದು ಕೆಲಸ ಹೇರಿದಂಗ ಅಲ್ಲೇನು? ಒಡಿಶಾದ ನಿಯಮಗಿರಿಯಾಗ 2013ರಾಗ ಹನ್ನೆರಡು ಊರಿನ ಗ್ರಾಮಸಭೆ ಕೂಡಿ, ಹನ್ನೆರಡೂ ಬಾಕ್ಸೈಟ್ ಗಣಿ ಬ್ಯಾಡ ಅಂದವು, ಗಣಿ ನಿಂತಿತು. ನಮಗ ಯಾಕ ಆ ಅಧಿಕಾರ ಇಲ್ಲ? ಬ್ಯಾಡ ಅನ್ನೋ ಹಕ್ಕು ಇಲ್ಲದವನ ಒಪ್ಪಿಗಿಗಿ ಏನು ಬೆಲಿ ಅದ?

ಕಲಬುರಗಿ ವಕೀಲ

ಮಲ್ಲು, ನಿಯಮಗಿರಿಗಿ ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು. ಅಲ್ಲಿನ ಬುಡಕಟ್ಟಿನ ಡೋಂಗ್ರಿಯಾ ಕೊಂಡರು ಆ ಗುಡ್ಡವನ್ನೇ ದೇವರು ಅಂತ ಪೂಜಿಸೋರು. ನಮ್ಮದು ಪಟ್ಟಾ ಹೊಲ, ಆ ಕಾಯ್ದೆ ಇಲ್ಲಿ ಬರಂಗಿಲ್ಲ. ಅಲ್ಲಿನ ಗ್ರಾಮಸಭೆಗಳನ್ನ ಕೇಳ್ರಿ ಅಂದ ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 2013ರ ಏಪ್ರಿಲ್ 18ಕ್ಕ. ಅದೇ ದಿನ ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿ ಸೀಮಿಯ ಅಕ್ರಮ ಗಣಿಗಾರಿಕಿ ಮೊಕದ್ದಮೆಯಾಗೂ ತೀರ್ಪು ಕೊಟ್ಟು, ಬಾಳ ಕೆಟ್ಟದಾಗಿ ನಿಯಮ ಮುರಿದ ಸಿ ವರ್ಗದ ಲೀಸ್ ರದ್ದು ಮಾಡಿತು. ಅಲ್ಲಿ ಕೋರ್ಟಿನ ತನಕ ವಿಷಯ ಒಯ್ದಿದ್ದು ಕಾಗದ, ನಕಾಶಿ, ಅಳತಿ. ನಿನ್ನ ಪ್ರಶ್ನೆ ಮಾತ್ರ ದೊಡ್ಡದು, ಅದಕ್ಕ ನನ್ನ ಹಂತೇಕ ಪೂರಾ ಉತ್ತರ ಇಲ್ಲ.

ಗೋಗಿ ಸೀಮಿ

ಮಲ್ಲು ಅಣ್ಣನ ಮಾತಿಗಿ ನಾನೂ ಕೂಡಸ್ತೀನಿ. ನಾವು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನವರು. ಗೋಗಿಯಾಗ ಯುರೇನಿಯಂ ಅದ ಅಂತ ಅಣು ಖನಿಜ ನಿರ್ದೇಶನಾಲಯದವರು ಹುಡುಕಿದಾಗಿನಿಂದ ನಮ್ಮಲ್ಲಿ ಒಂದು ಭಯ ಕುಂತದ. ಚಂದಾ ಹುಸೇನಿ ದರ್ಗಾಕ್ಕ ಬರೋ ಹೊರಗಿನವರೂ ಅದನ್ನೇ ಕೇಳ್ತಾರ. ಸುಣ್ಣದಕಲ್ಲಿನ ಧೂಳು ಕಣ್ಣಿಗಿ ಕಾಣ್ತದ, ಬೆರಳಿಗಿ ಹತ್ತತದ. ವಿಕಿರಣ ಕಾಣಂಗಿಲ್ಲ, ವಾಸನಿ ಇಲ್ಲ, ಗಾಜು ಒಡದು ಹೇಳಂಗಿಲ್ಲ. ಅಂಥಾ ಕಡಿ ನಂಬಿಕಿ ಅನ್ನೋದು ಪೂರಾ ಹೇಳೋರ ಪ್ರಾಮಾಣಿಕತಿ ಮ್ಯಾಲೇ ನಿಂತಿರ್ತದ. ಹಂಗಿದ್ದ ಮ್ಯಾಲ ನಮಗ ಹೆಚ್ಚು ಮಾಹಿತಿ, ಹೆಚ್ಚು ಸಭೆ ಬೇಕಿತ್ತು. ಆಗಿದ್ದು ಉಲ್ಟಾ. 2025ರ ಸೆಪ್ಟೆಂಬರಿನಾಗ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿಗಿ ಸಾರ್ವಜನಿಕ ಆಲಿಕೆಯಿಂದ ವಿನಾಯಿತಿ ಕೊಟ್ಟದ. ದೇಶಕ್ಕ ಬೇಕು ಅನ್ನೋದು ಒಪ್ಪತೀನಿ. ಆದರ ನಮ್ಮನ್ನ ಕೇಳದೇ ತಗೊಂಡ ತೀರ್ಮಾನಕ್ಕ ನಾವು ಮನಸಾರೆ ಹೂಂ ಅನ್ನೋದು ಹ್ಯಾಂಗ? ಮಾಸ್ತರೆ, ನಿಮಗ ಆ ಸಭೆ ಅರ ಸಿಕ್ಕದ. ಅದನ್ನ ಸಣ್ಣದು ಅಂತ ತಿಳೀಬ್ಯಾಡ್ರಿ.

ಬೀದರ ಝರಾ

ನಮ್ಮಲ್ಲಿ ದೊಡ್ಡ ಕಂಪನಿ ಇಲ್ಲ, ಜಂಬಿಟ್ಟಿಗಿ ಕಲ್ಲಿನ ಖಣಿಗಳು. ಬೀದರ ಗುಡ್ಡದ ಮ್ಯಾಲ ಕೆಂಪು ಜಂಬಿಟ್ಟಿಗಿ, ಕೆಳಗ ಕರಿ ಬಂಡಿ. ಮ್ಯಾಲಿನ ಕಲ್ಲು ಸ್ಪಂಜಿನಂಗ ಮಳಿ ನೀರು ಹೀರಿ ಹಿಡಕೋತದ, ಎರಡರ ಸಂದಿಯಿಂದ ಝರಾ ಆಗಿ ಹೊರಗ ಬಿಡ್ತದ. ಗುರುನಾನಕ ಝೀರಾ, ನರಸಿಂಹ ಝರಣಿ ಎಲ್ಲಾ ಆ ನೀರೇ. ಬಹಮನಿ ಕಾಲದ ನೌಬಾದಿನ ಕರೇಜ್ ಸುರಂಗನೂ ಅದೇ ನೀರು ನಂಬಿ ಕೊರದಿದ್ದು. ಕಲ್ಲು ಕೊಯ್ದು ಒಯ್ದರ ನೀರಿನ ಗಡಗಿನೇ ಒಯ್ದಂಗ. ಸಣ್ಣ ಖಣಿ ಅಂತ ಯಾರೂ ಕೂಡಿಸಿ ಲೆಕ್ಕ ಹಾಕಂಗಿಲ್ಲ. ನಿಮ್ಮಲ್ಲೂ ಒಂದು ಗಣಿಯ ವರದಿ ಮಾತ್ರ ಓದಬ್ಯಾಡ್ರಿ. ಸುತ್ತಲಿನ ಎಲ್ಲಾ ಗಣಿ ಕೂಡಿ ನೀರಿನ ಮ್ಯಾಲ ಏನು ಪರಿಣಾಮ ಅಂತ ಕೇಳ್ರಿ.

ವಾಡಿ ಹುಡುಗ

ವಕೀಲ್ ಸಾಹೇಬ್ರೆ, ಮೇಟ್ ಪರೀಕ್ಷೆದು ಅರ್ಜಿ ಹ್ಯಾಂಗ ಹಾಕಬೇಕು? ಬ್ಲಾಸ್ಟರ್ ಕಾಕಾ, ನಿಮ್ಮ ಹಂತೇಕ ಹಳೇ ಪುಸ್ತಕ ಅವ ಏನು?

ಬ್ಲಾಸ್ಟರ್ ಕಾಕಾ

ಅವ ಮಗಾ. ಐತವಾರ ಮನಿಗಿ ಬಾ, ಕುಂತು ಹೇಳ್ತೀನಿ.

ಕಾಗಿಣಾ ಮಾಸ್ತರ (ಒಂದು ತಿಂಗಳ ಮ್ಯಾಲ)

ಸಭೆ ಆತು. ತಡ ಆತು ಬರೀಲಿಕ್ಕ, ಸಿಟ್ಟಾಗಬ್ಯಾಡ್ರಿ.

ಅಕ್ಕಾ, ನೀವು ಹೇಳಿದಂಗ ಹೆಣ್ಮಕ್ಕಳ ಸಭೆ ಮೊದಲು ಮಾಡಿದೀವಿ. ನಮ್ಮ ಮನಿಯವರು ಬರಕೊಂಡು ಬಂದ ವಹಿ ನೋಡಿ ನನಗ ನಾಚಿಕಿ ಆತು. ನಾನು ಹದಿನಾಲ್ಕು ವರ್ಷದಿಂದ ಊರ ಪರವಾಗಿ ಮಾತಾಡ್ತೀನಿ ಅಂದುಕೊಂಡಿದ್ದೆ. ಕೊಡ ತುಂಬಲಿಕ್ಕ ಎಷ್ಟು ಹೊತ್ತು ಹಿಡೀತದ, ಬ್ಲಾಸ್ಟಿಂಗ್ ಸೈರನ್ ಕೇಳಿ ಯಾವ ಕೂಸು ಎದ್ದು ಅಳ್ತದ, ಯಾವ ದಾರ್ಯಾಗ ಡಂಪರ್ ಬಂದಾಗ ಹೆಣ್ಮಕ್ಕಳು ಮುಳ್ಳುಕಂಟಿಗಿ ಸರದು ನಿಲ್ಲಬೇಕಾಗ್ತದ, ಇವ್ಯಾವೂ ನನಗ ಗೊತ್ತಿದ್ದಿಲ್ಲ.

ಹತ್ತನೇ ಕ್ಲಾಸಿನ ಹುಡುಗರ ಸಂಗಡ ಊರಿನ 17 ಬಾವಿ ಅಳದೀವಿ. ಹಗ್ಗಕ್ಕ ಅಡಿಗೊಂದು ಗಂಟು, ತುದಿಗಿ ಕಲ್ಲು ಕಟ್ಟಿದ ತಂಬಿಗಿ. ಒಂಬತ್ತು ಮನಿಗಿ ಗಾಜಿನ ಪಟ್ಟಿ ಹಚ್ಚಿದೀವಿ. ಗಣಿಯಿಂದ ದೂರದ ಕೆರಿ ಓಣ್ಯಾಗೂ ಎರಡು ಹಚ್ಚೀವಿ.

ಸಭೆ ನಾಕು ತಾಸು ನಡೀತು. ಮಲ್ಲು ಕೇಳಿದ ಪ್ರಶ್ನೆಯನ್ನ ಊರಿನ ಒಬ್ಬ ಹಿರಿಯರು ತಮ್ಮ ಮಾತಿನಾಗ ಕೇಳಿದ್ರು, ಅದಕ್ಕ ಯಾರೂ ಉತ್ತರ ಕೊಡಲಿಲ್ಲ. ಡಂಪರಿನ 1,440 ರೂಪಾಯಿ ಲೆಕ್ಕ ಹೇಳಿದಾಗ ಶಾಮಿಯಾನ ಪೂರಾ ಸ್ತಬ್ಧ ಆತು. ಬಾವಿ ವಿಷಯಕ್ಕ ಮೊದಲು "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂದ್ರು. ಯಾರು, ಯಾವಾಗ, ಎಷ್ಟು ಅಂತ ಮೂರು ಸಲ ಕೇಳಿದ ಮ್ಯಾಲ, ಪ್ರತಿ ತಿಂಗಳು ಊರಿನವರ ಸಂಗಡ ಕೂಡಿ ಅಳೀತೀವಿ, ಬ್ಯಾಸಿಗಿ ಮಟ್ಟ ಈಗಿನದಕ್ಕಿಂತ ಹತ್ತು ಅಡಿ ಕೆಳಗ ಹೋದರ ಪೈಪಿನಲೆ ನೀರು ಕೊಡ್ತೀವಿ ಅಂತ ಒಪ್ಪಿದ್ರು.

ವಕೀಲ್ ಸಾಹೇಬ್ರೆ, ನೀವು ಹೇಳಿದ್ದು ಸರಿ ಆತು. ಕೊನಿಗಿ ನಡಾವಳಿ ಓದುವಾಗ ಅರ್ಧ ಜನ ಹೋಗಿದ್ರು. ಅದರಾಗ ಬಾವಿ ಮಾತೇ ಇದ್ದಿದಿಲ್ಲ. "ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತ ಒಂದು ಸಾಲು. ವಹಿ ಹಿಡಕೊಂಡು ನಮ್ಮ ಮನಿಯವರೇ ಎದ್ದು ನಿಂತ್ರು, ಹತ್ತು ಅಡಿ ಅನ್ನೋದು ಬರಿಯೋ ತನಕ ಕುಂದರಲಿಲ್ಲ. ಬರದರು. ಅಧಿಕಾರಿಗಳು ಮತ್ತೊಮ್ಮೆ ಓದಿಸಿ ಸಹಿ ಮಾಡಿದ್ರು.

ಗಣಿಗಿ ಅನುಮತಿ ಸಿಗ್ತದೋ ಇಲ್ಲೋ ಇನ್ನ ತೀರ್ಮಾನ ಆಗಿಲ್ಲ. ಊರಾಗ ಎರಡು ಪಂಗಡ ಈಗಲೂ ಅವ. ಹೋದ ಶನಿವಾರ ಕಂಪನಿಯಿಂದ ಒಬ್ಬ ಹುಡುಗ ಅಧಿಕಾರಿ ಟೇಪು ತಗೊಂಡು ಬಂದಿದ್ರು. ಅಗಸಿ ಬಾವಿಯಿಂದ ಶುರು ಮಾಡಿದೀವಿ. ನಮ್ಮ ಹಗ್ಗದಾಗ 38 ಅಡಿ ಬಂತು, ಅವರ ಟೇಪಿನಾಗ 38 ಅಡಿ 4 ಇಂಚು. ಯಾವುದು ಸರಿ ಅಂತ ಜಗ್ಗಾಡಲಿಲ್ಲ, ಎರಡೂ ಬರದೀವಿ. ಕೆಳಗ ಅವರೂ ಸಹಿ ಮಾಡ್ಯಾರ, ನಾನೂ ಮಾಡೀನಿ. ಮುಂದಿನ ಅಳತಿ ಬರೋ ತಿಂಗಳ ಎರಡನೇ ಶನಿವಾರ, ಮುಂಜಾನಿ ಏಳಕ್ಕ.